ಹರಿದದ್ದು, ಹೊಲಿದದ್ದು – 6: ಲಾಡಿ ತೂತು

ಮೊದಲ ಫೋಟೋ ನೋಡಿ. ಅದು ನಮ್ಮ ಕಾಲೇಜ್ ಫೆಸ್ಟ್ ಹೂಡಿ. ಟೋಪಿಯ ಲಾಡಿ ಹೊರಗೆ ಬರೋ ಜಾಗದಲ್ಲಿ ಒಂದು ಸ್ಟೀಲ್ ರಿಂಗ್ ಇತ್ತು. ಮೂರನೇ ಒಗೆತಕ್ಕೇ ಕಿತ್ತುಬಂತು, ಸುತ್ತಲಿನ ಬಟ್ಟೆಯನ್ನೂ ಜೊತೆಗೆ ತಂತು.

ಅಮ್ಮನ ಮುಂದೆ ಹಿಡಿದೆ. ಅಮ್ಮ ದೊಡ್ಡಬಳ್ಳಾಪುರದ ಕಡೆ ಗಾರ್ಮೆಂಟ್ಸ್‌ಗೆ ಹೋಗ್ತಾಳೆ. 11 ವರ್ಷ ಆಯ್ತು, ಅದರಲ್ಲಿ 6 ವರ್ಷ ಕಾಜಾ ಮಷೀನ್ ಮೇಲೆ. ಅವಳಿಗೆ ಇದೂ ಒಂದು ಕೆಲಸಾನಾ ಅಂದ್ಕೊಂಡಿದ್ದೆ. "ನೀನೇ ಮಾಡು, ಹೇಳ್ಕೊಡ್ತೀನಿ" ಅಂದಳು. ಸಿಟ್ಟು ಬಂತು. ಮಾರನೇ ದಿನ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಬೇರೆ.

ಇದು ನೇಯ್ದ ಬಟ್ಟೆಯಲ್ಲ, ಬನಿಯನ್ ಥರ ಹೆಣೆದದ್ದು. ನೂಲು ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸಿಕ್ಕಿಕೊಂಡಿರುತ್ತೆ. ಒಂದು ಕುಣಿಕೆ ಕತ್ತರಿಸಿದ್ರೆ ಅದನ್ನ ನಂಬಿಕೊಂಡಿರೋ ಇನ್ನೊಂದೂ ಬಿಟ್ಟುಕೊಳ್ಳುತ್ತೆ, ಏಣಿ ಥರ. ಎಳೆದರೆ ಬಟ್ಟೆ ಹಿಗ್ಗುತ್ತೆ, ರಿಂಗ್ ಹಿಗ್ಗಲ್ಲ. ಅದಕ್ಕೇ ಜಾರಿಹೋಗಿದ್ದು. ಹಾಗಾಗಿ ಹಿಂದೆ ಹಿಗ್ಗದ ಬಟ್ಟೆ ಬೇಕು. ಅಪ್ಪನ ಹಳೇ ನೀಲಿ ಶರ್ಟಿನ ಕಾಲರ್ ಬಿಚ್ಚಿ, ಒಳಗಿನ ಕ್ಯಾನ್ವಾಸ್ ಸಮೇತ ಒಂದು ಚೌಕ ಕತ್ತರಿಸಿ ಒಳಗಡೆ ಇಟ್ಟೆ. ಹರಿದ ಅಂಚನ್ನ ಅದಕ್ಕೆ ಸುತ್ತಲೂ ಹೊಲಿದೆ. ಹೊರಗಿನಿಂದ ಸ್ವಲ್ಪ ನೀಲಿ ಕಾಣುತ್ತೆ. ಇರಲಿ.

ನಡುವೆ ಪೆನ್ಸಿಲಲ್ಲಿ ಸಣ್ಣ ಸುತ್ತು. ಕತ್ತರಿ ಹಾಕೋಕೆ ಮೊದಲೇ ಅದರ ಸುತ್ತ ಸಣ್ಣ ಹೊಲಿಗೆ ಓಡಿಸಬೇಕು, ಆಮೇಲೆ ಬೇಕಾದ್ದಕ್ಕಿಂತ ಚಿಕ್ಕದಾಗಿ ತೂತು ಮಾಡಬೇಕು. ನೂಲು ಎರಡೆಳೆ, ಮೇಣದಬತ್ತಿಗೆ ಉಜ್ಜಿದ್ದು. ಸೂಜಿಯ ತುದಿ ತೀರಾ ಚೂಪು ಬೇಡ, ಕುಣಿಕೆಯನ್ನೇ ಸೀಳುತ್ತೆ. ಇನ್ನು ಕಾಜಾ ಹೊಲಿಗೆ: ಸೂಜಿ ತೂತಿನೊಳಗೆ ಇಳಿದು ಬಟ್ಟೆಯಲ್ಲಿ ಮೇಲೆ ಬರಬೇಕು, ನೂಲಿನ ಕುಣಿಕೆಯೊಳಗೆ ತೂರಬೇಕು, ಗಂಟು ತೂತಿನ ಅಂಚಿಗೆ ಕೂರಬೇಕು. ಬಿಗಿ ಎಳೆದ್ರೆ ಸುಕ್ಕು, ಸಡಿಲ ಬಿಟ್ರೆ ಲಾಡಿ ಸಿಕ್ಕಿಹಾಕಿಕೊಳ್ಳುತ್ತೆ. ನನ್ನದು ಅತ್ತ ಮುಖದ ಥರ ಬಂತು.

"ಸರಿಯಾ ನೋಡು" ಅಂತ ಕೊಟ್ಟೆ. ಅಮ್ಮ ನೋಡಲಿಲ್ಲ. ಹೆಬ್ಬೆರಳಲ್ಲಿ ಅಂಚು ಸವರಿದಳು. "ಇಲ್ಲೊಂದು ಬಿಟ್ಟಿದೀಯ" ಅಂದಳು. ಹೌದು, ಬಿಟ್ಟಿದ್ದೆ. ಆಗ ಹೊಳೀತು, ಸಂಜೆಯಿಂದ ಅವಳು ಒಂದು ಸಲಾನೂ ಸೂಜಿ ಹಿಡಿದಿರಲಿಲ್ಲ.

"ಹತ್ತಿರದ್ದು ಮಂಜಾಗುತ್ತೆ ಕಣೇ, ಯುಗಾದಿಯಿಂದ."

"ಮತ್ತೆ ಮಷೀನ್‌ಗೆ ನೂಲು?"

ಪಕ್ಕದ ಮಷೀನಿನ ಅಕ್ಕ ಪೋಣಿಸಿಕೊಡ್ತಾರಂತೆ. ಕನ್ನಡಕ ಹಾಕಿದ್ರೆ ಸೂಪರ್‌ವೈಸರ್ ಕಣ್ಣಿಗೆ ಬೀಳ್ತೀನಿ, ಹೆಲ್ಪರ್ ಕೆಲಸಕ್ಕೆ ಹಾಕ್ತಾರೆ, ಸಂಬಳ ಇಳಿಯುತ್ತೆ ಅನ್ನೋ ಭಯ. ಆರು ತಿಂಗಳಿಂದ ಬರೀ ಕೈ ಅಭ್ಯಾಸದ ಮೇಲೆ ಕಾಜಾ ಹೊಡೀತಿದಾಳೆ. ಒಂದು ಕಾಜಾ ತಪ್ಪಿದ್ರೆ ಇಡೀ ಪೀಸ್ ವಾಪಸ್ಸು. ನಮ್ಮ ಪುಸ್ತಕದಲ್ಲಿ ಇದಕ್ಕೆ ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್ ಅಂತ ಹೆಸರಿದೆ. ಬೈಗುಳಕ್ಕೆ ಯಾವ ಕಾಲಮ್ಮೂ ಇಲ್ಲ. (ಯಾವ ಗಾರ್ಮೆಂಟ್ಸ್ ಅಂತ ಕೇಳಬೇಡಿ. ಅಮ್ಮನನ್ನ ಕೇಳಿಯೇ ಇದನ್ನ ಬರೀತಿದೀನಿ.)

ಅವಳಿಗೆ 43. ಎಲ್ಲರಿಗೂ ಬರೋ ಚಾಳೀಸು, ಅಷ್ಟೇ. ಭಾನುವಾರ ಕಣ್ಣು ಟೆಸ್ಟ್ ಮಾಡಿಸಿ ಕನ್ನಡಕ ತಂದ್ವಿ. ಮನೇಲಿ ಹಾಕ್ತಾಳೆ. ಫ್ಯಾಕ್ಟರಿಗೆ ಊಟದ ಬ್ಯಾಗಲ್ಲಿ ಇಟ್ಕೊಂಡು ಹೋಗ್ತಾಳೆ, ಅಲ್ಲಿ ಇನ್ನೂ ಹೊರಗೆ ತೆಗೆದಿಲ್ಲ. ದಿನಾ ಸಂಜೆ ಕೇಳ್ತೀನಿ. "ನಾಳೆ" ಅಂತಾಳೆ.

ಹೂಡಿಯ ಇನ್ನೊಂದು ಬದಿಯ ರಿಂಗನ್ನ ನಾನೇ ಕಿತ್ತು, ಅಲ್ಲೂ ಹೀಗೇ ಹೊಲಿದೆ. ಅಮ್ಮ ಕನ್ನಡಕ ಹಾಕ್ಕೊಂಡು ಬೆಳಕಿಗೆ ಹಿಡಿದು ನೋಡಿದಳು.

"ಬಿಚ್ಚು."

24 ಹೊಲಿಗೆ ಬಿಚ್ಚಿದೆ. ಕೊನೆಯ ಫೋಟೋದಲ್ಲಿರೋದು ಮೂರನೇ ಸಲ ಹೊಲಿದದ್ದು.