ಬಡಗಲ ಕಿಟಕಿಯ ಬಿಸಿಲು

ನನ್ನ ಕೆಲಸ ಏನು ಅಂತ ಹನಕೆರೆಯಲ್ಲಿ ಯಾರಾದ್ರೂ ಕೇಳಿದರೆ, "ಇನ್ನೂ ಕಟ್ಟದ ಮನೆಯ ಫೋಟೊ ತೆಗೀತೀನಿ" ಅಂತೀನಿ. ನಗ್ತಾರೆ. ಆದರೆ ಅದೇ ನಿಜ. ಆರ್ಕಿಟೆಕ್ಟ್ ಕಳಿಸುವ ಪ್ಲಾನ್ ನೋಡಿ ಸ್ಕೆಚಪ್‌ನಲ್ಲಿ ಗೋಡೆ ಎಬ್ಬಿಸಿ, ಟೈಲ್ಸ್ ಹಾಸಿ, ಮಂಚ ಇಟ್ಟು, ಬಿಸಿಲು ಬಿಟ್ಟು ಚಿತ್ರ ಮಾಡೋದು. ತ್ರೀಡಿ ರೆಂಡರಿಂಗ್.

ಹೋದ ಡಿಸೆಂಬರ್‌ನಲ್ಲಿ ಒಂದು ಬುಧವಾರ ಸಂಜೆ ನಾಲ್ಕಕ್ಕೆ ಬೆಂಗಳೂರಿಂದ ಫೋನು. "ಮೈಸೂರಿನ ಮನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಓನರ್ ಮನೆಯವರೆಲ್ಲ ಬರ್ತಾರೆ. ನಾಲ್ಕು ವ್ಯೂ ಬೇಕು." ಆಗಲ್ಲ ಅನ್ನೋ ಹಾಗಿರಲಿಲ್ಲ. ಕಂಪ್ಯೂಟರಿನ ಇಎಂಐ ಐದನೇ ತಾರೀಖಿಗೆ ಕಾಯಲ್ಲ.

ಮೊದಲು ಬಣ್ಣವಿಲ್ಲದ ಸಣ್ಣ ಚಿತ್ರ ಕಳಿಸಿ ಕೋನ ಒಪ್ಪಿಸಿಕೊಂಡೆ. ಇದು ನಾನು ಪೆಟ್ಟು ತಿಂದು ಕಲಿತ ಪಾಠ. ನನ್ನ ಮೆಷಿನ್‌ನಲ್ಲಿ ಒಂದು ದೊಡ್ಡ ಚಿತ್ರಕ್ಕೆ ನಲವತ್ತು ನಿಮಿಷ. ದಿಂಬಿನ ಬಣ್ಣ ತಪ್ಪಿದರೂ ಮತ್ತೆ ನಲವತ್ತು.

ರಾತ್ರಿ ಎರಡರ ಹೊತ್ತಿಗೆ ಮೂರು ಮುಗಿದಿದ್ದವು. ಉಳಿದದ್ದು ಓನರ್ ತಾಯಿಯ ರೂಮು. ಅಷ್ಟರಲ್ಲಿ ಮೆಸೇಜ್: "ಅಜ್ಜಿ ರೂಮು ಡಲ್. ಚೆನ್ನಾಗಿ ಬಿಸಿಲು ಬೀಳ್ಸಿ." ರೂಮಿಗೆ ಇದ್ದದ್ದು ಒಂದೇ ಕಿಟಕಿ, ಉತ್ತರಕ್ಕೆ. ಸಾಫ್ಟ್‌ವೇರ್‌ನಲ್ಲಿ ದಿಕ್ಕನ್ನೇ ತಿರುಗಿಸಿಬಿಟ್ಟೆ. ಮಂಚದ ತನಕ ಹೊಂಬಿಸಿಲು!

ನೀರು ಕುಡಿಯೋಕೆ ಎದ್ದ ಅವ್ವ ಹಿಂದೆ ನಿಂತಿದ್ದಳು.

"ಇನ್ನೂ ಮನೀಕಂಡಿಲ್ವೇನ್ಲಾ? ಇದ್ಯಾವ ಕಡೆ ಕಿಟಕಿ?"

"ಬಡಗಲು ಕಣವ್ವ."

"ಬಡಗಲಿಂದ ಹಿಂಗೆ ಬಿಸ್ಲು ಬೀಳ್ತದ? ಆ ವಮ್ಮ ನಂಬ್ಕೊಂಡು ಮನೆ ಕಟ್ಟುಸ್ತಳಲ್ಲ."

ಅವ್ವ ಹೋಗಿ ಮಲಗಿದಳು. ನನಗೆ ಕೈ ಓಡಲಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ಸ್ವಲ್ಪ ಬಡಗಲಿಗೆ ವಾಲ್ತಾನೆ, ನಿಜ. ಆದರೆ ಆಗ ಅವನು ನೆತ್ತಿ ಹತ್ತಿರವೇ ಇರೋದರಿಂದ ಬಿಸಿಲು ಕಿಟಕಿಯೊಳಗೆ ಇಷ್ಟು ದೂರ ಬರಲ್ಲ. ಚಳಿಗಾಲದಲ್ಲಂತೂ ಅವನು ತೆಂಕಲಲ್ಲೇ. ವಯಸ್ಸಾದವರಿಗೆ ಬಿಸಿಲು ಬೇಕಾಗೋದೇ ಆಗ.

ದಿಕ್ಕು ಸರಿ ಮಾಡಿ, ಜಾಗ ಮೈಸೂರು, ತಿಂಗಳು ಡಿಸೆಂಬರ್, ಬೆಳಿಗ್ಗೆ ಒಂಬತ್ತು ಅಂತ ಕೊಟ್ಟೆ. ರೂಮು ಮಂಕಾಯಿತು. ಅದನ್ನೇ ರೆಂಡರ್‌ಗೆ ಹಾಕಿದೆ. ಪೂರ್ವದ ಗೋಡೆ ಹೊರಗೋಡೆಯೇ ಆಗಿತ್ತು. ಅಲ್ಲೊಂದು ಕಿಟಕಿ ಇಟ್ಟು ಐದನೇ ಚಿತ್ರ ಶುರು ಮಾಡಿದೆ. ಮುಕ್ಕಾಲು ಆಗುವಾಗ ಕರೆಂಟ್ ಹೋಯ್ತು, ಯುಪಿಎಸ್ ಕೂಗಿ ಕೂಗಿ ಸುಮ್ಮನಾಯ್ತು. ಬೆಳಗಿನ ರೈಲಿನ ಸದ್ದು ಕೇಳ್ತಾ ಕತ್ತಲಲ್ಲಿ ಕೂತಿದ್ದೆ. ಕರೆಂಟ್ ಬಂದ ಮೇಲೆ ಮತ್ತೆ ಮೊದಲಿಂದ. ಕಳಿಸಿದಾಗ ಒಂಬತ್ತೂ ಐವತ್ತು. ಜೊತೆಗೆ ಎರಡು ಸಾಲು ಬರೆದೆ: "ಈಗಿನ ಪ್ಲಾನ್‌ನಲ್ಲಿ ಬಿಸಿಲು ಇಷ್ಟೇ. ಪೂರ್ವಕ್ಕೆ ಕಿಟಕಿ ಕೊಟ್ಟರೆ ಹೀಗೆ."

ಮಧ್ಯಾಹ್ನ ಫೋನ್ ಬಂತು. "ಹೇಳಿದಷ್ಟು ಮಾಡಿದ್ರೆ ಸಾಕಿತ್ತು" ಅಂದರು. ಆಮೇಲೆ ದನಿ ತಗ್ಗಿಸಿ, "ಅಜ್ಜಿ ಎರಡನೇದೇ ಬೇಕು ಅಂದ್ರು" ಅಂತಲೂ ಹೇಳಿದರು.

ದುಡ್ಡು ಬಂತು. ಎರಡು ತಿಂಗಳು ಅಲ್ಲಿಂದ ಬೇರೆ ಕೆಲಸ ಬರಲಿಲ್ಲ. ಒಂದು ಇಎಂಐಗೆ ಅಪ್ಪನ ಹತ್ತಿರ ಕೈ ಚಾಚಿದೆ.

ಈಗಲೂ ಡೆಡ್‌ಲೈನ್ ಅಂಥದ್ದೇ, ನಿದ್ದೆಗೆಡೋದೂ ತಪ್ಪಿಲ್ಲ. ಆದರೆ ಹೊಸ ಫೈಲ್ ತೆರೆದ ಕೂಡಲೇ ಮೊದಲು ನೋಡೋದು, ಬಡಗಲು ಯಾವ ಕಡೆ ಅಂತ.