ಅಪ್ಪನ ಅಂಗಿ, ಅಮ್ಮನ ನೂಲು

ಹುಟ್ಟಲಿರುವ ಮಗುವಿಗಾಗಿ ಮುಂಚಿತವಾಗಿಯೇ ಹೊಸ ಬಟ್ಟೆ ಹೊಲಿದಿಡುವುದು ಎಷ್ಟು ಸೊಗಸಿನ ಕೆಲಸ! ಆದರೆ ರಷ್ಯ, ಉಕ್ರೇನ್, ಬೆಲರೂಸ್‌ಗಳ ಹಳ್ಳಿಗಳಲ್ಲಿ ಹಿಂದಿನ ತಾಯಂದಿರು ಅದಕ್ಕೆ ಅಂಜುತ್ತಿದ್ದರು. ಮಗು ಬರುವ ಮೊದಲೇ ಅದರ ಉಡುಪು ಸಿದ್ಧವಾದರೆ ಕೇಡು ತಟ್ಟೀತೆಂಬ ಭಯ. ಮೂಢನಂಬಿಕೆಯೆಂದು ನಗುವವರು ಒಂದು ಲೆಕ್ಕವನ್ನು ನೆನೆಯಬೇಕು. 19ನೆಯ ಶತಮಾನದ ಉತ್ತರಾರ್ಧದಲ್ಲಿ, ಯುರೋಪಿನ ಭಾಗದ ರಷ್ಯದಲ್ಲಿ ಹುಟ್ಟಿದ ಶಿಶುಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ವರ್ಷ ತುಂಬುವ ಮುನ್ನವೇ ತೀರಿಕೊಳ್ಳುತ್ತಿದ್ದವು. ತೊಟ್ಟಿಲು ಬರಿದಾದ ಮೇಲೆ ಉಳಿಯುವ ಪುಟ್ಟ ಅಂಗಿಯನ್ನು ನೋಡುವ ಎದೆಗಾರಿಕೆ ಯಾವ ತಾಯಿಗೆ ಇದ್ದೀತು?

ನೋವು ಕಾಣಿಸಿಕೊಂಡಿತೆಂದರೆ ಮನೆಯಲ್ಲಿ ಗಂಟೆಂಬುದೇ ಇರಕೂಡದು. ಗರ್ಭಿಣಿಯ ಜಡೆ ಬಿಚ್ಚುವರು. ಸೊಂಟದ ಪಟ್ಟಿ ಕಳಚುವರು. ಪೆಟ್ಟಿಗೆಗಳ ಬೀಗ ತೆಗೆಯುವರು. ಬಿಗಿದದ್ದೆಲ್ಲ ಸಡಿಲವಾದರೆ ಹೆರಿಗೆಯೂ ಸಲೀಸಾದೀತೆಂಬ ನಂಬಿಕೆ. ಮಗು ಕೈಗೆ ಬಂದೊಡನೆ ಸೂಲಗಿತ್ತಿ ಅದನ್ನು ಸುತ್ತುತ್ತಿದ್ದುದು ಹಲವೆಡೆ ತಂದೆಯ ಹಳೆಯ ಅಂಗಿಯಲ್ಲಿ. ತಂದೆಯ ಪ್ರೀತಿ ಮಗುವಿಗೆ ದೊರೆಯಲೆಂಬುದು ಅದರ ಆಶಯ. ಬೆವರಿನಲ್ಲಿ ನೆನೆದು, ಎಷ್ಟೋ ಸಲ ಒಗೆಸಿಕೊಂಡು ಮೆತ್ತಗಾದ ಆ ಬಟ್ಟೆ ಎಳೆಯ ಮೈಗೆ ಹಿತವೂ ಆಗಿತ್ತು.

ಈ ಅಂಗಿಗೂ ಒಂದು ಪೂರ್ವಕಥೆ ಉಂಟು. ಅದು ಅಂಗಡಿಯಿಂದ ಬಂದುದಲ್ಲ. ವಸಂತದಲ್ಲಿ ಬಿತ್ತಿದ ಅಗಸೆಯನ್ನು ಬೇಸಗೆಯಲ್ಲಿ ಬೇರುಸಹಿತ ಕಿತ್ತು, ನೀರಿನಲ್ಲೊ ಇಬ್ಬನಿಯಲ್ಲೊ ಕೊಳೆಯಿಸಿ, ಒಣಗಿಸಿ, ಬಡಿದು, ಬಾಚಿ ನಾರು ತೆಗೆಯಬೇಕು. ಚಳಿಗಾಲದ ದೀರ್ಘ ಇರುಳುಗಳಲ್ಲಿ ಅದನ್ನು ನೂಲಬೇಕು, ಮಗ್ಗಕ್ಕೇರಿಸಿ ನೆಯ್ಯಬೇಕು, ಹಿಮದ ಮೇಲೊ ಹುಲ್ಲಿನ ಮೇಲೊ ಹಾಸಿ ಬಿಸಿಲಿನಲ್ಲಿ ಬಿಳುಪೇರಿಸಬೇಕು. ಬಿತ್ತನೆಯನ್ನು ಬಿಟ್ಟರೆ ಈ ದುಡಿಮೆ ಬಹುಮಟ್ಟಿಗೆ ಹೆಂಗಸರದು. ಕೊರಳಿನ ಸುತ್ತ, ತೋಳಿನ ಅಂಚಿನಲ್ಲಿ ಕೆಂಪು ನೂಲಿನ ಕಸೂತಿ. ಅದು ಕೇಡು ಒಳಗೆ ನುಸುಳದಂತೆ ಕಟ್ಟಿದ ಬೇಲಿ. ಮದುವೆಯಾಗುವ ಹುಡುಗಿ ವರನಿಗಾಗಿ ಕೈಯಾರೆ ಅಂಗಿ ಹೊಲಿಯುವುದು ಬಹುಕಡೆಗಳಲ್ಲಿ ವಾಡಿಕೆಯಾಗಿತ್ತು. ಮುಂದೆಯೂ ಮನೆಮಂದಿಯ ಉಡುಪು ಅವಳ ಪಾಲಿನ ಕೆಲಸವೇ. ಹೀಗೆ ಹೆಸರಿಗೆ ಅದು ಅಪ್ಪನ ಅಂಗಿ. ಎಳೆ ಎಳೆಯೂ ಅಮ್ಮನದು.

ಸೂಲಗಿತ್ತಿಯ ಋಣವೂ ಬಟ್ಟೆಯಿಂದಲೇ ಸಲ್ಲುತ್ತಿತ್ತು. ಸ್ಲಾವ್ ಜನರ ಇನ್ನೊಂದು ನಾಡಾದ ಬಲ್ಗೇರಿಯದಲ್ಲಿ ಅದಕ್ಕೆಂದೇ 'ಬಾಬಿನ್‌ದೆನ್' ಎಂಬ ಹಬ್ಬವಿದೆ; ಎಂದರೆ ಅಜ್ಜಿಯ ದಿನ. ಹೆತ್ತ ಹೆಂಗಸರು ಸೋಪು, ಟವಲು ಹಿಡಿದು ಸೂಲಗಿತ್ತಿಯ ಮನೆಗೆ ಹೋಗಿ ಅವಳ ಕೈಗೆ ನೀರೆರೆಯುವರು. ಅವಳು ಆ ಉಡುಗೊರೆಯ ಟವಲಿನಲ್ಲೇ ಕೈ ಒರಸಿಕೊಳ್ಳುವಳು. ಬಳಿಕ ಊಟ, ಹಾಡು, ಕುಣಿತ. ಅಜ್ಜಿಯ ಕೊರಳಿಗೆ ಒಣಮೆಣಸಿನಕಾಯಿಯ ಮಾಲೆ! ಗಂಡಸರಿಗೆ ಅಲ್ಲಿ ಪ್ರವೇಶವಿಲ್ಲ. 1951ರಿಂದ ಜನವರಿ 21ನೆಯ ಆ ದಿನವೇ ಅಲ್ಲಿ ಹೆರಿಗೆಯ ವೈದ್ಯರು ಮತ್ತು ದಾದಿಯರ ದಿನವೂ ಆಗಿದೆ.

ಇಂದು ಆ ನಾಡುಗಳಲ್ಲಿ ಮಕ್ಕಳು ಹುಟ್ಟುವುದು ಆಸ್ಪತ್ರೆಗಳಲ್ಲಿ, ಶಿಶುಮರಣ ಅಪರೂಪವಾಗಿದೆ. ಆ ಹಳೆಯ ಭಯ ಮರಳಿ ಬರಲೆಂದು ಯಾರೂ ಬಯಸಲಾರರು. ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಉಳಿದಿರುವುದು ಹೆಚ್ಚಾಗಿ ಹಬ್ಬದ ದಿನ ಉಟ್ಟು ಮಡಿಸಿಟ್ಟ ಚೆಲುವಾದ ಉಡುಪುಗಳು. ಮಗುವನ್ನು ಸುತ್ತಿದ ಅಂಗಿ ಅಲ್ಲಿಗೆ ತಲುಪಿದ್ದು ವಿರಳ. ಹೊಲದಲ್ಲಿ ಸವೆದು, ತೊಟ್ಟಿಲಲ್ಲಿ ನೆನೆದು, ಕಡೆಗೆ ಚಿಂದಿಯಾಗಿ ಅದು ಮುಗಿದುಹೋಯಿತು. ಅಷ್ಟರಲ್ಲಿ ಅಮ್ಮ ಮತ್ತೊಂದು ಅಂಗಿಗೆ ನೂಲು ತೆಗೆದಿರುತ್ತಿದ್ದಳು.