ಹೊಳೆಯ ಮೆತ್ತನೆಯ ಚಿಪ್ಪಿನ ಆಮೆ

ಆಮೆ ಎಂದೊಡನೆ ನಮಗೆ ನೆನಪಾಗುವುದು ಮೊಲದೊಡನೆ ಓಡಿ ಗೆದ್ದ ಸಾಧುಪ್ರಾಣಿ. ಇಲ್ಲವೇ ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನಿಗೆ ಹೋಲಿಕೆಯಾದ, ಅಂಗಾಂಗಗಳನ್ನು ಒಳಗೆಳೆದುಕೊಳ್ಳುವ ಕೂರ್ಮ. ಕಚ್ಚುವ ಆಮೆಯೂ ಉಂಟೆಂದು ನಾನು ತರಗತಿಯಲ್ಲಿ ಹೇಳಿದರೆ ಮಕ್ಕಳು ನಗುತ್ತಿದ್ದರು. ಹೊಳೆದಂಡೆಯ ಊರಿನಿಂದ ಬರುತ್ತಿದ್ದ ಅಂಬಿಗರ ಹುಡುಗನೊಬ್ಬ ಮಾತ್ರ ನಗಲಿಲ್ಲ. “ಖರೇ ಅದರಿ ಸರ್, ಹೊಳ್ಯಾಗಿನ ಆಮಿ ಕೈ ಹಿಡದ್ರ ಬಿಡಂಗಿಲ್ಲ” ಎಂದ.

ಕಚ್ಚುವುದೇಕೆ? ಅಮೆರಿಕದ ‘ಸ್ನ್ಯಾಪಿಂಗ್ ಟರ್ಟಲ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಎದೆಯ ಚಿಪ್ಪು ಬಹಳ ಕಿರಿದು. ಗೀತೆಯ ಕೂರ್ಮದಂತೆ ಪೂರ್ತಿ ಒಳಸೇರಲು ಅದಕ್ಕೆ ಸಾಧ್ಯವಿಲ್ಲ. ಆದ್ದರಿಂದ ನೆಲದ ಮೇಲೆ ಸಿಕ್ಕಿಬಿದ್ದರೆ ಬಾಯಿಯೇ ಅದರ ರಕ್ಷಣೆ. ಅದರ ಬಂಧುವಾದ ‘ಅಲಿಗೇಟರ್ ಸ್ನ್ಯಾಪಿಂಗ್ ಟರ್ಟಲ್’ 70 ಕಿಲೋಗ್ರಾಂ ಮೀರಿ ಬೆಳೆಯಬಲ್ಲದು. ನೀರಿನ ತಳದಲ್ಲಿ ಬಾಯಿ ತೆರೆದು ಕುಳಿತು, ನಾಲಗೆಯ ಮೇಲಿನ ಹುಳುವಿನಂಥ ಎಳೆಯನ್ನು ಆಡಿಸಿ ಮೀನನ್ನು ಕರೆಯುತ್ತದೆ.

ನಮ್ಮ ಎಡೆದೊರೆ ನಾಡಿನಲ್ಲಿ ಆ ಜಾತಿಯಿಲ್ಲ. ಮಟಮಾರಿಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಕೃಷ್ಣಾ ಕಣಿವೆಯ ಹೊಳೆಗಳಲ್ಲಿ ಕಚ್ಚುವುದಕ್ಕೆ ಹೆಸರಾದದ್ದು ಮೆತ್ತನೆಯ ಚಿಪ್ಪಿನ ಆಮೆ. ಅದರಲ್ಲಿ ‘ಲೀತ್’ ಆಮೆ ಭಾರತದ ಪರ್ಯಾಯದ್ವೀಪಕ್ಕೇ ಮೀಸಲಾದ ಜಾತಿ. 1872ರಲ್ಲಿ ಜಾನ್ ಎಡ್ವರ್ಡ್ ಗ್ರೇ ಅದನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದರು. ಬೆನ್ನಿನ ಚಿಪ್ಪು ಎರಡಡಿಗೂ ಮೀರಿ ಬೆಳೆಯಬಲ್ಲದು. ಆದರೆ ಅದರ ಮೇಲೆ ಗಟ್ಟಿ ಬಿಲ್ಲೆಗಳಿಲ್ಲ, ತೊಗಲಿನ ಹೊದಿಕೆ ಮಾತ್ರ. ಮರಿಗಳ ಬೆನ್ನಿನ ಮೇಲೆ ಕಣ್ಣಿನಂಥ ಚುಕ್ಕೆಗಳಿರುತ್ತವೆ. ಬೆಳೆದಂತೆ ಅವು ಮಾಸುತ್ತವೆ.

ಕವಚ ದುರ್ಬಲವಾದುದರಿಂದ ಈ ಪ್ರಾಣಿ ಮರಳನ್ನೇ ಕವಚ ಮಾಡಿಕೊಂಡಿದೆ. ಮರಳಿನಲ್ಲಿ ಹುದುಗಿ, ಉದ್ದ ಕತ್ತನ್ನು ಚಾಚಿ, ಕೊಳವೆಯಂಥ ಮೂಗಿನ ತುದಿಯನ್ನಷ್ಟೇ ನೀರಿನ ಮೇಲೆತ್ತಿ ಉಸಿರಾಡುತ್ತದೆ. ಹಲ್ಲಿಲ್ಲ; ಕೊಂಬಿನಂಥ ಅಂಚುಳ್ಳ ದವಡೆಯೇ ಸಾಕು. ಮೀನು, ಏಡಿ, ಶಂಖದ ಹುಳು ಅದರ ಆಹಾರ. ಮೊಟ್ಟೆಯಿಡುವುದು ಮಾತ್ರ ದಂಡೆಗೆ ಬಂದು, ನೆಲದಲ್ಲಿ ಗುಂಡಿ ತೋಡಿ.

ಇಲ್ಲಿಯೇ ನನ್ನ ಮಾತಿನ ತಿರುಳಿರುವುದು. ನಮ್ಮ ಜಿಲ್ಲೆಯ ಹೊಳೆಗಳ ಮರಳು ಇಂದು ಟಿಪ್ಪರುಗಳಲ್ಲಿ ಊರೂರಿಗೆ ಹೋಗುತ್ತಿದೆ. ನಮಗೆ ಅದು ಮನೆ ಕಟ್ಟುವ ಸಾಮಗ್ರಿ. ಆಮೆಗೆ ಅದು ಮನೆಯೂ ಹೌದು, ಹೆರಿಗೆಯ ಕೋಣೆಯೂ ಹೌದು. ಬಲೆ, ಬೇಟೆಗಳೂ ಇದಕ್ಕೆ ಸೇರಿ, ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಲೀತ್ ಆಮೆ ಈಗ ‘ತೀವ್ರ ಅಪಾಯದಲ್ಲಿರುವ’ ಜೀವಿ. 2022ರ ನವೆಂಬರಿನಲ್ಲಿ ಪನಾಮಾದಲ್ಲಿ ನಡೆದ ಸಮ್ಮೇಳನದಲ್ಲಿ, ಭಾರತದ ಪ್ರಸ್ತಾವದಂತೆ, ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತ್ಯಂತ ಕಟ್ಟುನಿಟ್ಟಿನ ನಿರ್ಬಂಧ ವಿಧಿಸಲಾಯಿತು.

ಕಾಯಿದೆಯಷ್ಟೇ ಸಾಲದು ಎಂಬುದಕ್ಕೆ ಕಾಸರಗೋಡಿನ ಚಂದ್ರಗಿರಿ ಹೊಳೆ ಸಾಕ್ಷಿ. ಅಲ್ಲಿ ‘ಕ್ಯಾಂಟರ್’ ಎಂಬ ಇನ್ನೂ ದೊಡ್ಡದಾದ ಮೆತ್ತನೆಯ ಚಿಪ್ಪಿನ ಆಮೆಯಿದೆ. ಅದರ ಜಾಡು ಹಿಡಿಯಲು ಸಂಶೋಧಕರು ಹೊಳೆದಂಡೆಯ ಜನರ ತಿಳಿವಳಿಕೆಯನ್ನೇ ಆಶ್ರಯಿಸಿದರು. ನೆರೆನೀರಿನಲ್ಲಿ ಮುಳುಗಿದ ಗೂಡುಗಳಿಂದ ಮೊಟ್ಟೆ ಎತ್ತಿ, ಹೊರಬಂದ ಮರಿಗಳನ್ನು ಹೊಳೆಗೆ ಬಿಟ್ಟರು. ಆ ಅಧ್ಯಯನ 2024ರಲ್ಲಿ ಬೆಳಕಿಗೆ ಬಂತು.

ನನ್ನ ಶಿಷ್ಯರಲ್ಲಿ ಮೀನು ಹಿಡಿಯುವವರಿದ್ದೀರಿ, ಟ್ರ್ಯಾಕ್ಟರ್ ಇಟ್ಟುಕೊಂಡವರಿದ್ದೀರಿ, ಪಂಚಾಯಿತಿ ಸದಸ್ಯರಾದವರೂ ಇದ್ದೀರಿ. ಬಲೆಗೆ ಆಮೆ ಬಿದ್ದರೆ ಬಲೆ ಹರಿದರೂ ಚಿಂತೆಯಿಲ್ಲ, ಹೊಳೆಗೆ ಬಿಡಿ. ದಂಡೆಯಲ್ಲಿ ದುಂಡನೆಯ ಮೊಟ್ಟೆಗಳು ಕಂಡರೆ ಆ ಜಾಗದ ಮರಳನ್ನು ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಮೈ ಮುಚ್ಚಲು ಮರಳಿರುವ ತನಕ ಆ ಆಮೆ ಯಾರನ್ನೂ ಕಚ್ಚಲು ಬರುವುದಿಲ್ಲ.